ಹೊಟ್ಟೆ ತಣ್ಣಗಾಯ್ತು ಅನ್ನದೆ ಎದ್ದ ಊಟ

ರಾಗಿ ಮುದ್ದೆಯ ಹಿಟ್ಟು ತಳ ಹಿಡಿದಾಗ ಏಳುವ ವಾಸನೆ ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದಿದ್ದರೆ ಹೇಳಿ ತಿಳಿಸುವುದು ಕಷ್ಟ. ಸುಟ್ಟ ವಾಸನೆ ಎಂದರೆ ಸರಿಯಾಗುವುದಿಲ್ಲ, ಸುಡುವುದಕ್ಕೆ ಒಂದು ಗಳಿಗೆ ಮುಂಚಿನದು ಅದು. ಹುರಿದ ಕಾಳಿನ ಹತ್ತಿರ ಬರುತ್ತದೆ, ಆದರೆ ಅದೂ ಅಲ್ಲ. ಸೇಲಂನ ನಮ್ಮ ಮೂರನೇ ಮಹಡಿಯ ಮನೆಯಲ್ಲಿ ಈ ವಾಸನೆ ಅಪರೂಪ, ನಾನ್‌ಸ್ಟಿಕ್ ಪಾತ್ರೆ ಬಂದಮೇಲೆ ಅನ್ನಕ್ಕೂ ಹಿಟ್ಟಿಗೂ ತಳ ಹಿಡಿಯುವ ಸ್ವಾತಂತ್ರ್ಯ ಹೋಗಿದೆ. ಆದರೆ ಹೋದ ತಿಂಗಳ ಒಂದು ಸಂಜೆ ನನ್ನ ಹೆಂಡತಿ ಸುಧಾ ಹಳೆಯ ಅಲ್ಯುಮಿನಿಯಂ ಪಾತ್ರೆಯಲ್ಲಿ ಹಿಟ್ಟಿಗಿಟ್ಟು, ಫೋನಿನಲ್ಲಿ ಮಾತಾಡುತ್ತ ಮರೆತಳು. ವಾಸನೆ ಎದ್ದಿತು. ಅದೇ ಗಳಿಗೆಗೆ ನನ್ನ ಫೋನೂ ಸದ್ದು ಮಾಡಿತು. ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೊ ಬಂದಿತ್ತು.

ವಾಸನೆಯೂ ವಿಡಿಯೊವೂ ಒಟ್ಟಿಗೇ ಬಂದವು ಎಂದು ನಾನು ಹೇಳುತ್ತೇನೆ. ಹಿಟ್ಟು ತಳ ಹಿಡಿದದ್ದು ಮಾರನೆಯ ದಿನ ಎಂದು ಸುಧಾ ಹೇಳುತ್ತಾಳೆ. ಅವಳು ಹೇಳುವುದೇ ಸರಿ ಇರಬಹುದು. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಒಬ್ಬನೇ ಸಾಕ್ಷಿಯ ಮಾತು ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳಿ ಹೇಳಿ ಈಗ ನನ್ನನ್ನು ನಾನೇ ನಂಬದ ಸ್ಥಿತಿಗೆ ಬಂದಿದ್ದೇನೆ. ನೀವೂ ಸ್ವಲ್ಪ ಹುಷಾರಾಗಿಯೇ ಓದಿ.

ವಿಡಿಯೊದಲ್ಲಿ ಇದ್ದದ್ದು ನನ್ನ ಅತ್ತೆ ಲಕ್ಕಮ್ಮ, ನಮ್ಮಪ್ಪನ ಅಕ್ಕ. ಮಾರಂಡಹಳ್ಳಿಯಿಂದ ಒಂದಿಷ್ಟು ಒಳಗಿರುವ ನಮ್ಮೂರಿನಲ್ಲಿ, ತಾತ ಕಟ್ಟಿಸಿದ ಮನೆಯಲ್ಲಿ, ಈಗ ನನ್ನ ಚಿಕ್ಕಪ್ಪನ ಮಗ ಮಾದೇಶನ ಸಂಸಾರದ ಜೊತೆ ಇದ್ದಾಳೆ. ಹೊಸ ಸೀರೆ ಉಟ್ಟು ಜಗಲಿಯ ಮೇಲೆ ಕೂತಿದ್ದಾಳೆ. ಮುಂದೆ ಉಂಡು ಮುಗಿಸಿದ ತಟ್ಟೆ. ಕ್ಯಾಮೆರಾದ ಕಡೆ ನೋಡದೆ ಎಲ್ಲೋ ಪಕ್ಕಕ್ಕೆ ನೋಡುತ್ತ ಹೇಳುತ್ತಾಳೆ: “ಉಂಡೆ ಕಣಪ್ಪ ಮಾದೇಶ. ಒಟ್ಟೆ ತಣ್ಣಗಾಯ್ತು.” ಹಿಂದೆ ಕೊಳಲಿನ ಸಂಗೀತ. ಕೆಳಗೆ ತಮಿಳಿನಲ್ಲಿ, ಕೃತಜ್ಞತೆಯಿಂದ ಬಾಳಿದವರ ಆಯಸ್ಸು ಹೆಚ್ಚುತ್ತದೆ ಎನ್ನುವ ಅರ್ಥದ ಹೊಳೆಯುವ ಅಕ್ಷರಗಳು. ಗುಂಪಿನವರೆಲ್ಲ ಹೂವು ಹಾಕಿದರು, ಕೈ ಮುಗಿದರು. ನನಗೆ ಮೈಯೆಲ್ಲ ಉರಿಯಿತು.

ಯಾಕೆ ಉರಿಯಿತು ಎಂದು ಹೇಳಬೇಕಾದರೆ ಆ ಮಾತಿನ ಹಿಂದಿನದನ್ನು ಹೇಳಬೇಕು. ತಮಿಳು ಸೀಮೆಯೊಳಗಿನ ನಮ್ಮ ಕಡೆಯ ಕನ್ನಡದ ಆಡುಮಾತಿನಲ್ಲಿ ಥ್ಯಾಂಕ್ಸ್ ಎನ್ನುವುದಕ್ಕೆ ಮಾತೇ ಇಲ್ಲ. ನಾವು ಓದಿದ್ದು ತಮಿಳು ಶಾಲೆಯಲ್ಲಿ, ‘ಕೃತಜ್ಞತೆ’ ಎಂಬುದನ್ನು ನಾನು ನೋಡಿದ್ದು ಕನ್ನಡ ಓದುವುದನ್ನು ಸ್ವಂತವಾಗಿ ಕಲಿತಮೇಲೆ, ಪುಸ್ತಕದಲ್ಲಿ. ಮನೆಯಲ್ಲಿ ಯಾರಾದರೂ ನೀರು ಕೊಟ್ಟರೆ ಕುಡಿದವರು ತಣ್ಣಗಿರು ಎಂದು ಹೇಳುತ್ತಿದ್ದರು, ಅಷ್ಟೇ. ಆದರೆ ತಾತನ ಮನೆಯಲ್ಲಿ ಊಟಕ್ಕೆ ಒಂದು ಕಟ್ಟಳೆ ಇತ್ತು. ಉಂಡವರು ಕೈ ತೊಳೆದುಕೊಂಡು ನೇರ ಜಗಲಿಗೆ ಬರಬೇಕು, ಅಲ್ಲಿ ಗೋಡೆಗೆ ಒರಗಿ ಕೂತ ತಾತನ ಮುಂದೆ ನಿಂತು ‘ಉಂಡೆ, ಒಟ್ಟೆ ತಣ್ಣಗಾಯ್ತು’ ಎನ್ನಬೇಕು. ಗದ್ದೆ, ಹೊಲ, ಕಣಜ ಎಲ್ಲ ತಾತನದು, ಆದ್ದರಿಂದ ತಣ್ಣಗಾದ ಹೊಟ್ಟೆಗಳ ಸುದ್ದಿಯೂ ತಾತನಿಗೇ ಸೇರಬೇಕು. ಕೂಲಿಗೆ ಬಂದವರು ಅಂದರು, ನೆಂಟರು ಅಂದರು, ಮೊಮ್ಮಕ್ಕಳು ನಾವೂ ಅಂದೆವು. ಸುಳ್ಳು ಹೇಳುವುದಿಲ್ಲ, ಆ ವಯಸ್ಸಿನಲ್ಲಿ ನನಗೆ ಅದು ಇಷ್ಟವಾಗಿತ್ತು. ಅಂದ ಕೂಡಲೇ ತಾತ ತಲೆಯ ಮೇಲೆ ಕೈ ಇಡುತ್ತಿದ್ದ. ದೊಡ್ಡ, ಒರಟು, ಬೆಚ್ಚಗಿನ ಕೈ.

ಹಿಟ್ಟು ತಿರುವುತ್ತಿದ್ದವಳು ಅತ್ತೆ. ಮದುವೆಯಾಗಿ ಮೇಟೂರಿನ ಕಡೆಗೆ ಹೋದವಳು ಗಂಡ ತೀರಿಕೊಂಡ ಮೇಲೆ ತವರಿಗೆ ವಾಪಸು ಬಂದಳು. ಮಕ್ಕಳಿರಲಿಲ್ಲ. ಬಂದ ದಿನವೇ ಹಿಟ್ಟಿನ ಕೋಲು ಅವಳ ಕೈಗೆ ಹೋಯಿತಂತೆ. ದೊಡ್ಡ ಪಾತ್ರೆಯನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು ಅವಳು ಹಿಟ್ಟು ತಿರುವುವಾಗ ಬೆನ್ನ ಮೂಳೆಗಳು ರವಿಕೆಯ ಕೆಳಗೆ ಒಂದೊಂದಾಗಿ ಕಾಣುತ್ತಿದ್ದವು. ಎಲ್ಲರೂ ಉಂಡು ಎದ್ದು, ಜಗಲಿಗೆ ಹೋಗಿ, ತಾತನ ಮುಂದೆ ಹೊಟ್ಟೆ ತಣ್ಣಗಾಯಿತು ಎನ್ನುತ್ತಿದ್ದರು. ಒಬ್ಬರೂ ಒಲೆಯ ಕಡೆ ತಿರುಗಿ ಅನ್ನಲಿಲ್ಲ. ಅಡುಗೆ ಮನೆಯಲ್ಲಿ ಇದ್ದವಳಿಗೆ ಆ ಮಾತು ಯಾಕೆ ಬೇಕು ಎಂಬಂತೆ. ಕೊನೆಯಲ್ಲಿ ಅವಳೂ ಉಂಡು, ಒದ್ದೆ ಕೈಯನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತ ಬಂದು ಅವಳಪ್ಪನ ಮುಂದೆಯೇ ನಿಲ್ಲುತ್ತಿದ್ದಳು. ತಾನು ಬೇಯಿಸಿದ್ದಕ್ಕೆ ತಾನೇ. ತಾತ ಯಾರ ಜೊತೆಗಾದರೂ ಮಾತಿನಲ್ಲಿದ್ದರೆ ಅವನು ಇತ್ತ ತಿರುಗುವವರೆಗೂ ಕಾಯುತ್ತಿದ್ದಳು. ನನಗೆ ಆ ಕಾಯುವುದು ನೆನಪಿದೆ, ಅವಳು ನಿಂತಿರುವ ರೀತಿ.

ಇನ್ನೊಂದು ನೆನಪಿದೆ, ಅದನ್ನು ನಾನು ಎಷ್ಟೋ ವರ್ಷ ಪದಕದ ಹಾಗೆ ಎದೆಗೆ ಚುಚ್ಚಿಕೊಂಡು ತಿರುಗಿದ್ದೇನೆ. ಒಂದು ಮಧ್ಯಾಹ್ನ ಅತ್ತೆ ಉಂಡು ಹೊರಗೆ ಬಂದಳು. ತಾತ ಯಾವುದೋ ಮಾತಿನಲ್ಲಿದ್ದ. ಅತ್ತೆ ಒಂದು ಗಳಿಗೆ ನಿಂತಳು. ಆಮೇಲೆ ಏನೂ ಅನ್ನದೆ, ಅವನ ಮುಂದೆಯೇ ಹಾದು, ಕೊಟ್ಟಿಗೆಗೆ ಹೋಗಿ ಹಸುವಿನ ಮೈ ಸವರುತ್ತ ನಿಂತುಬಿಟ್ಟಳು. ತಾತನ ಬಾಯಿ ಅರ್ಧ ತೆರೆದೇ ಉಳಿಯಿತು. ಈ ಕತೆಯನ್ನು ನಾನು ಗೆಳೆಯರಿಗೆ ಹೇಳಿದ್ದೇನೆ, ತರಗತಿಯಲ್ಲಿ ಹೇಳಿದ್ದೇನೆ. ಇತಿಹಾಸದ ಪುಟಕ್ಕೆ ಬಾರದ ಬಂಡಾಯ ಇದು ಎಂದು ಹೇಳುವಾಗ ನನ್ನ ಧ್ವನಿ ತಾನಾಗಿ ಏರುತ್ತಿತ್ತು.

ಈಗ ಮಾದೇಶನ ವಿಡಿಯೊದಲ್ಲಿ ಅದೇ ಅತ್ತೆ, ಅದೇ ಜಗಲಿ, ಅದೇ ಮಾತು. ತಾತನ ಜಾಗದಲ್ಲಿ ಅವಳೇ ಸೊಂಟದ ಮೇಲೆ ಹೊತ್ತು ತಿರುಗಿದ್ದ ಹುಡುಗ, ಕೈಯಲ್ಲಿ ಫೋನು.

ನನ್ನ ಸಿಟ್ಟಿಗೆ ಇನ್ನೂ ಒಂದೆರಡು ಕಾರಣಗಳಿದ್ದವು ಎಂಬುದನ್ನು ಒಪ್ಪಿಕೊಳ್ಳಬೇಕು. ಆ ಸೆಮಿಸ್ಟರ್ ನಮ್ಮ ಕಾಲೇಜಿಗೆ ಒಬ್ಬ ತರಬೇತುದಾರ ಬಂದಿದ್ದ. ಕಾಲರಿಗೆ ಮೈಕು ಸಿಕ್ಕಿಸಿಕೊಂಡು, ಪ್ರತಿದಿನ ಕೃತಜ್ಞತೆ ಅಭ್ಯಾಸ ಮಾಡಿದರೆ ಬಿಪಿ ಇಳಿಯುತ್ತದೆ, ನಿದ್ದೆ ಬರುತ್ತದೆ, ದಾಂಪತ್ಯ ಗಟ್ಟಿಯಾಗುತ್ತದೆ ಎಂದು ಪರದೆಯ ಮೇಲೆ ತೋರಿಸಿದ. ಆಮೇಲೆ ನಮ್ಮೆಲ್ಲರಿಗೂ ಕಣ್ಣು ಮುಚ್ಚಿ ಸಂಸ್ಥೆಗೆ ಮನಸ್ಸಿನಲ್ಲೇ ಧನ್ಯವಾದ ಹೇಳಿ ಅಂದ. ಹಿಂದಿನ ಸಾಲಿನಲ್ಲಿ ವರ್ಷಗಟ್ಟಲೆ ಕಾಯಂ ಆಗದೆ ಪಾಠ ಮಾಡುತ್ತಿರುವ ಅತಿಥಿ ಉಪನ್ಯಾಸಕರು ಕೂತಿದ್ದರು. ಅವರೂ ಕಣ್ಣು ಮುಚ್ಚಿದರು. ನಾನು ಮುಚ್ಚಲಿಲ್ಲ, ಆದ್ದರಿಂದ ವೇದಿಕೆಯ ಮೇಲೆ ಕೂತವರು ಯಾರೂ ಕಣ್ಣು ಮುಚ್ಚಿರಲಿಲ್ಲ ಎಂಬುದನ್ನು ನೋಡಿದೆ. ಧನ್ಯವಾದ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಎಂಬುದನ್ನು ನೋಡಿದರೆ ಸಾಕು, ಜಗಲಿಯ ಮೇಲೆ ಯಾರು ಕೂತಿದ್ದಾರೆ ಎಂದು ತಿಳಿಯುತ್ತದೆ.

ಹೊರಗೆ ಇಷ್ಟಾದರೆ ಮನೆಯಲ್ಲೂ ಅದೇ. ಸುಧಾ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಅವಳಮ್ಮ ತೀರಿಹೋದ ಮೇಲೆ ಅವಳಿಗೆ ತಿಂಗಳುಗಟ್ಟಲೆ ನಿದ್ದೆ ಇರಲಿಲ್ಲ. ಜೊತೆಯಲ್ಲಿ ಕೆಲಸ ಮಾಡುವ ಯಾರೋ ಹೇಳಿಕೊಟ್ಟರಂತೆ, ರಾತ್ರಿ ಊಟಕ್ಕೆ ಕೂತಾಗ ಮನೆಯ ಪ್ರತಿಯೊಬ್ಬರೂ ಆ ದಿನದ ಒಂದು ಒಳ್ಳೆಯದನ್ನು ನೆನೆಯಬೇಕು, ಬಾಯಿಬಿಟ್ಟು ಹೇಳಬೇಕು. ಹೈಸ್ಕೂಲಿನಲ್ಲಿರುವ ಮಗಳು ನಿಲಾ ಮೊದಲು ಬಸ್ಸಿನಲ್ಲಿ ಸೀಟು ಸಿಕ್ಕಿದ್ದು, ಪರೀಕ್ಷೆ ಮುಂದಕ್ಕೆ ಹೋದದ್ದು ಎಂದು ಹೇಳುತ್ತಿದ್ದಳು. ನಾನು ಕುಹಕ ಆಡುತ್ತಿದ್ದೆ. ಈ ದಿನ ನೆರೆಮನೆಯವರ ಮಿಕ್ಸಿ ಕೆಟ್ಟಿತು, ಅದಕ್ಕೆ ನಾನು ಋಣಿ, ಹೀಗೆ. ಒಂದು ಸಲ ಸುಧಾ ಸಾರಿನ ಸೌಟು ಕೆಳಗಿಟ್ಟು ಹೇಳಿದಳು, “ನಿಮ್ಮ ಸಿಟ್ಟಿಂದ ನನಗೆ ಒಂದು ದಿನಾನೂ ನಿದ್ದೆ ಬರ್ಲಿಲ್ಲ. ಇದ್ರಿಂದ ಬಂತು.” ಇದನ್ನು ಇಲ್ಲಿ ಹೇಳುತ್ತಿರುವುದು ನನ್ನ ವಾದಕ್ಕೆ ಒಳ್ಳೆಯದಲ್ಲ, ಆದರೆ ಹೇಳಬೇಕು.

ವಿಡಿಯೊ ಬಂದ ವಾರದಲ್ಲೇ ಮಾದೇಶ ಫೋನು ಮಾಡಿದ. ಅತ್ತೆ ಮನೆಯಲ್ಲಿ ಉಣ್ಣುವುದನ್ನು ಬಿಟ್ಟಿದ್ದಾಳೆ. ಹಸು ಕಟ್ಟದ ಹಳೆಯ ಕೊಟ್ಟಿಗೆಯಲ್ಲಿ ಮೂರು ಕಲ್ಲು ಹೂಡಿ ಬೇರೆ ಒಲೆ ಹಚ್ಚಿದ್ದಾಳೆ. ಮಲಗುವುದು ಮನೆಯಲ್ಲೇ, ಉಣ್ಣುವುದು ಅಲ್ಲಿ. ಯಾಕೆ ಎಂದರೆ ಮಾತಿಲ್ಲ. “ಊರೆಲ್ಲ ನಗ್ತಾ ಅವ್ರೆ ಅಣ್ಣ. ನಾವು ಇಟ್ಟು ಆಕಲ್ಲ ಅಂತಾನೇ ಅನ್ಕೊಂತಾರೆ. ಮಾನಮೇ ಪೋಚ್ಚು.” ಮಾನವೇ ಹೋಯಿತಂತೆ. ಆ ಕೊಟ್ಟಿಗೆಯನ್ನು ಕೆಡವಿ ಟ್ರ್ಯಾಕ್ಟರ್ ನಿಲ್ಲಿಸಲು ಶೆಡ್ ಕಟ್ಟಬೇಕು, ಭಾನುವಾರ ಕೆಲಸದವರು ಬರುತ್ತಾರೆ, ಅಷ್ಟರಲ್ಲಿ ನಾನು ಬಂದು ಅವಳನ್ನು ಒಪ್ಪಿಸಿ ಒಳಗೆ ಕರೆತರಬೇಕು. ಓದಿದವನ ಮಾತು ಕೇಳುತ್ತಾಳಂತೆ.

ಶನಿವಾರ ಹೊರಟೆ. ತೊಪ್ಪೂರಿನ ಘಾಟಿಯ ಏರಿನಲ್ಲಿ ಲಾರಿಗಳ ಹಿಂದೆ ತೆವಳುವಾಗ ಅತ್ತೆಗೆ ಏನು ಹೇಳಬೇಕು ಎಂದು ತಯಾರಿ ಮಾಡಿಕೊಂಡೆ. ಒಪ್ಪಿಸಲು ಅಲ್ಲ, ಹೊಗಳಲು. ಅಂದು ತಾತನ ಮುಂದೆ ಹಾಗೆ ನಡೆದು ಹೋದವಳು ಇಂದು ಮತ್ತೆ ನಡೆದಿದ್ದಾಳೆ ಎಂಬುದು ನನ್ನ ಲೆಕ್ಕ. ಒಂದು ಭಾಷಣವೇ ಸಿದ್ಧವಾಯಿತು. ಕಾರಿನೊಳಗೆ ಒಂದೆರಡು ಸಲ ಗಟ್ಟಿಯಾಗಿ ಹೇಳಿಯೂ ನೋಡಿದೆ.

ಮಾದೇಶ ಜಗಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಟೊಮೊಟೊ ತುಂಬಿದ ಕ್ರೇಟುಗಳು ಗೋಡೆಯುದ್ದಕ್ಕೂ ಇದ್ದವು. ಅವನು ಕೆಟ್ಟವನಲ್ಲ. ಅತ್ತೆಗೆ ಕಣ್ಣಿನ ಆಪರೇಷನ್ ಮಾಡಿಸಿದ್ದು ಅವನು, ನಾನಲ್ಲ. ತಾನು ಮಾಡಿದ ತಪ್ಪೇನು ಎಂದು ಅವನಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಅವನ ಹೆಂಡತಿ ಜಯಂತಿ ಬಾಗಿಲಲ್ಲಿ ನಿಂತು, “ನಾ ಮಾಡಿದ್ ಇಟ್ಟು ಸೇರಲ್ವಂತೆ ಬಾವ, ಕೇಳಿ ನೀವೇ” ಅಂದು ಒಳಗೆ ಹೋದಳು. ಅವಳ ಧ್ವನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಾಗಿತ್ತು.

ಕೊಟ್ಟಿಗೆಯಲ್ಲಿ ಹೊಗೆ. ಅತ್ತೆ ಸಣ್ಣ ಪಾತ್ರೆಯೊಂದನ್ನು ಪಾದಗಳ ನಡುವೆ ಒತ್ತಿ ಹಿಡಿದು ಹಿಟ್ಟು ತಿರುವುತ್ತಿದ್ದಳು. ಆ ಹಳೆಯ ವಾಸನೆ, ಒಬ್ಬಳಿಗೆ ಆಗುವಷ್ಟೇ. ನನ್ನನ್ನು ನೋಡಿ ತಿರುವುವುದನ್ನು ನಿಲ್ಲಿಸಲಿಲ್ಲ.

“ಮಾದೇಶ ಕರೆಸ್ದನಾ?”

“ಹೂಂ ಅತ್ತೆ.”

“ಬುದ್ದಿ ಮಾತು ಆಡಾಕಾ?”

“ಹೂಂ.”

“ಆಡು ಮತ್ತೆ. ಇಟ್ಟು ಗಂಟಾಗ್ತೈತೆ, ಕೈ ಬಿಡಕ್ಕಾಗಲ್ಲ. ಕಿವಿ ಖಾಲಿ ಐತೆ.”

ಗೋಡೆಯ ಪಕ್ಕ ಒಂದು ಮರದ ದಿಮ್ಮಿ ಇತ್ತು, ಅದರ ಮೇಲೆ ಕೂತೆ. ಕಾರಿನಲ್ಲಿ ಅಷ್ಟು ಚೆನ್ನಾಗಿದ್ದ ಭಾಷಣ ಅಲ್ಲಿ ಬಾಯಿಗೆ ಬರಲಿಲ್ಲ. ಬದಲಿಗೆ ಆ ಮಧ್ಯಾಹ್ನದ ಬಗ್ಗೆ ಕೇಳಿದೆ. ತಾತನಿಗೆ ಏನೂ ಅನ್ನದೆ ಅವನ ಮುಂದೆಯೇ ಹಾದು ಬಂದು, ಇದೇ ಕೊಟ್ಟಿಗೆಯಲ್ಲಿ ಹಸುವಿನ ಪಕ್ಕ ನಿಂತಿದ್ದೆಯಲ್ಲ ಅತ್ತೆ, ಅಂದೆ.

ಅವಳು ಕೋಲನ್ನು ಎತ್ತಿ ನನ್ನನ್ನೇ ನೋಡಿದಳು. ಆಮೇಲೆ ನಕ್ಕಳು. ಹಲ್ಲಿಲ್ಲದ, ಸದ್ದಿಲ್ಲದ ನಗು. ಭುಜಗಳು ಮಾತ್ರ ಅಲುಗಿದವು.

“ಯಾವಾಗ್ ಮಾಡ್ದೆ ಅಂಗೆ? ಕನಸು ಕಂಡಿದೀಯ. ಅಂಗ್ ಮಾಡಿದ್ರೆ ನನ್ನ ಮಡಿಕ್ಕೊಂತಿದ್ರಾ ಈ ಮನೇಲಿ? ದಿನಾ ಅಂದಿದೀನಿ ಕಣಪ್ಪ. ಜ್ವರ ಬಂದು ಉಣ್ದೆ ಮಲಗಿದ್ನಲ್ಲ, ಆ ದಿನಾನೂ ಎದ್ದೋಗಿ ಅಂದಿದೀನಿ.”

“ಉಣ್ಣದೇನೇ?”

“ಉಂಡ್ಯಾ ಅಂತ ನಿಮ್ ತಾತ ಯಾವತ್ ಕೇಳಿದ್ದ? ಅವ್ನಿಗೆ ಆ ಮಾತು ಕಿವೀಗೆ ಬೀಳ್ಬೇಕಿತ್ತು, ಅಷ್ಟೇ.”

ನಾನು ಎಷ್ಟೋ ವರ್ಷ ಪಾಠ ಮಾಡಿದ ಬಂಡಾಯ ಅಲ್ಲಿ, ಆ ಹೊಗೆಯಲ್ಲಿ ಕರಗಿಹೋಯಿತು. ನೋಡಿದೆ ಎಂದುಕೊಂಡದ್ದು ನಾನು ನೋಡಲು ಬಯಸಿದ್ದು ಇರಬೇಕು. ಅಥವಾ ಅತ್ತೆಯೇ ಮರೆತಿರಬಹುದು. ತಿಳಿಯುವ ದಾರಿ ಇಲ್ಲ. ಆದರೆ ಅವಳು ಕೊಟ್ಟ ನೆನಪು ನನ್ನದಕ್ಕಿಂತ ಕೆಟ್ಟದಾಗಿತ್ತು, ಅದಕ್ಕೇ ಅದನ್ನು ನಂಬಿದೆ. ಹಸಿದ ಹೊಟ್ಟೆಯಲ್ಲಿ, ಸುಡುವ ಮೈಯಲ್ಲಿ ಎದ್ದು ಹೋಗಿ ನಿಂತು, ತಂದೆ ತಿರುಗಿ ನೋಡುವವರೆಗೂ ಕಾದು, ಹೊಟ್ಟೆ ತಣ್ಣಗಾಯಿತು ಎನ್ನುವುದು. ಆ ಮಾತು ಕೇಳಿ ನಮ್ಮ ತಾತ ಸುಖವಾಗಿ ನಿದ್ದೆ ಮಾಡಿದ್ದಾನೆ. ಅವನ ಬಿಪಿ ಚೆನ್ನಾಗಿಯೇ ಇದ್ದಿರಬೇಕು. ತಲೆಯ ಮೇಲಿನ ಆ ಬೆಚ್ಚಗಿನ ಕೈಯನ್ನು ಇನ್ನು ಎಲ್ಲಿ ಇಟ್ಟುಕೊಳ್ಳಲಿ ಎಂದು ನನಗೆ ಗೊತ್ತಾಗಲಿಲ್ಲ.

ಅತ್ತೆ ತಾನಾಗಿಯೇ ವಿಡಿಯೊದ ಮಾತೆತ್ತಿದಳು. “ಮೂರ್ ಕಿತ ಅನ್ನುಸ್ದ ನಿನ್ ತಮ್ಮ. ಬೆಳಕು ಸರಿಯಿಲ್ಲ ಅತ್ತೆ, ಇನ್ನೊಂದ್ ಕಿತ ಅನ್ನು, ಇನ್ನೊಂದ್ ಕಿತ ಅನ್ನು ಅಂತ. ನಮ್ಮಪ್ಪ ಒಂದಕ್ಕೇ ಬಿಡ್ತಿದ್ದ.” ಕೋಲಿಗೆ ಮೆತ್ತಿದ ಹಿಟ್ಟನ್ನು ಬೆರಳಿಂದ ಸವರಿ ಪಾತ್ರೆಗೆ ಹಾಕಿದಳು. “ಬೇಯ್ಸಿದೋಳು ಒಳ್ಗೆ ಪಾತ್ರೆ ತಿಕ್ತಾ ಅವ್ಳೆ. ಇವ್ನಿಗೆ ಅನ್ಬೇಕಂತೆ ನಾನು.”

ಮತ್ತೆ ಇಲ್ಲಿ ಒಬ್ಬಳೇ ಬೇಯಿಸಿಕೊಳ್ಳುವುದು ಎಷ್ಟು ದಿನ ಎಂದು ಕೇಳಿದೆ.

“ಆಗೋಷ್ಟ್ ದಿನ. ಸಾಯಾಕ್ ಮುಂಚೆ ಯಾರ್ಗೂ ಏನೂ ಅನ್ದೆ ಉಂಡು ಎದ್ದೋಗ್ಬೇಕು ಅಂತ ಐತೆ. ಅಷ್ಟೇ ಕಣ್ಲಾ. ಬೇರೆ ಆಸೆ ಇಲ್ಲ.”

ಹಿಟ್ಟನ್ನು ತಟ್ಟೆಯ ಮೇಲೆ ಹಾಕಿ, ಒದ್ದೆ ಕೈಯಲ್ಲಿ ಉರುಳಿಸಿ ಎರಡು ಮಾಡಿದಳು. ಒಬ್ಬಳಿಗೆ ಆಗುವಷ್ಟಿದ್ದದ್ದು ಇಬ್ಬರಿಗಾಯಿತು. ಸೊಪ್ಪಿನ ಸಾರು. ಉಪ್ಪು ಸ್ವಲ್ಪ ಮುಂದಾಗಿತ್ತು, ಅದನ್ನು ಹೇಳಿದೆ. ಮುಂದಾಗಿದ್ರೆ ನೀರ್ ಕುಡಿ ಅಂದಳು. ಉಂಡೆವು. ತಳದ ಸೀದ ಚೂರನ್ನು ಕೆರೆದು ನನ್ನ ತಟ್ಟೆಗೆ ಹಾಕಿದಳು, ಅದು ನನಗೆ ಇಷ್ಟ ಎಂಬುದನ್ನು ಅವಳು ಮರೆತಿರಲಿಲ್ಲ.

ಉಂಡು ಮುಗಿಯಿತು. ಎದ್ದು ನಿಂತೆ. ಈಗ ಹೇಳಬೇಕು ಎಂದುಕೊಂಡೆ. ಆ ಮನೆಯಲ್ಲಿ ಯಾರೂ ಯಾವತ್ತೂ ಅವಳಿಗೆ ಅನ್ನದ ಮಾತು, ಅವಳಿಗೇ ಸೇರಬೇಕಾಗಿದ್ದದ್ದು. ಬಾಯಿ ತೆರೆದೆ.

ಅತ್ತೆ ಹಿಟ್ಟಿನ ಕೋಲನ್ನು ನನ್ನ ಕಡೆ ತೋರಿಸಿದಳು.

“ಅದ ಅನ್ಬ್ಯಾಡ. ಇಲ್ಲಿ ಅದಿಲ್ಲ. ಸುಮ್ನೆ ಓಗಿ ಕೈ ತೊಳ್ಕೊ.”

ಹೋಗಿ ಕೈ ತೊಳೆದುಕೊಂಡೆ. ತೊಟ್ಟಿಯ ನೀರು ತಣ್ಣಗಿತ್ತು. ಅನ್ನದೆ ಉಳಿದ ಮಾತು ಎದೆಯಲ್ಲಿ ಹಾಗೇ ಕೂತಿತ್ತು. ಇಷ್ಟು ವರ್ಷ ಎಷ್ಟೋ ಸಲ, ಎಷ್ಟೋ ಜನಕ್ಕೆ ಥ್ಯಾಂಕ್ಸ್ ಹೇಳಿದ್ದೇನೆ. ಹೇಳಿದ ಕೂಡಲೇ ಅದು ಮುಗಿದುಹೋಗುತ್ತಿತ್ತು. ಇದು ಮುಗಿಯಲಿಲ್ಲ. ಆ ತರಬೇತುದಾರ ಪರದೆಯ ಮೇಲೆ ತೋರಿಸಿದ ಲಾಭಗಳಲ್ಲಿ ಇದು ಇರಲಿಲ್ಲ.

ಜಗಲಿಗೆ ಬಂದಾಗ ಮಾದೇಶ ಒಪ್ಪಿದಳೇ ಎಂದು ಕೇಳಿದ. ಒಲೆ ಕೀಳಬೇಡ, ಕೊಟ್ಟಿಗೆ ಇರಲಿ, ಆ ವಿಡಿಯೊ ತೆಗೆದುಹಾಕು, ಅಂದೆ. ಅವನಿಗೆ ರೇಗಿತು, ರೇಗಬೇಕಾದದ್ದೇ. “ಸೇಲಂನಾಗೆ ಕೂತ್ಕೊಂಡು ನೀನ್ ಈಜಿಯಾಗಿ ಅಂತೀಯ ಅಣ್ಣ. ನೀನೇ ಕರ್ಕೊಂಡೋಗಿ ಮಡಿಕ್ಕೊ ನೋಡಣ.” ನಾನು ಕರೆದುಕೊಂಡು ಹೋಗುವುದಿಲ್ಲ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ನನಗೂ ರೇಗಿತು. ಬೇಯಿಸುವವಳು ನಿನ್ನ ಹೆಂಡತಿ, ಅವಳ ಮುಖ ಆ ವಿಡಿಯೊದಲ್ಲಿ ಎಲ್ಲಿದೆ ತೋರಿಸು ಎಂದು ಕೂಗಿದೆ. ಅಕ್ಕಪಕ್ಕದ ಮನೆಯವರು ಹೊರಗೆ ಬಂದರು.

ಬಾಗಿಲಲ್ಲಿ ಜಯಂತಿ ಇದ್ದಳು. ಸೆರಗಿನಲ್ಲಿ ಒದ್ದೆ ಕೈ ಒರೆಸಿಕೊಳ್ಳುತ್ತಿದ್ದಳು. ಅತ್ತೆ ಹಾಗೆಯೇ ಒರೆಸಿಕೊಳ್ಳುತ್ತಿದ್ದಳು, ಅದೇ ಬಾಗಿಲಲ್ಲಿ. ನಮ್ಮಿಬ್ಬರನ್ನೂ ನೋಡಿ ಗಂಡನಿಗೆ ಅಂದಳು, “ತಗೀರಿ ಅದ್ನ. ಶೆಡ್ಡು ಆಮೇಲೆ ಕಟ್ಟೋಣ.” ಅವನು ಏನೋ ಹೇಳಲು ಹೋದ. ಅವಳು ಕೇಳಿಸಿಕೊಳ್ಳಲು ನಿಲ್ಲದೆ ಒಂದು ಬಿಂದಿಗೆ ನೀರು ಎತ್ತಿಕೊಂಡು ಕೊಟ್ಟಿಗೆಯ ಕಡೆ ಹೋದಳು. ಮಾದೇಶ ಫೋನು ತೆಗೆದು ಬೆರಳಾಡಿಸಿದ. ವಿಡಿಯೊ ಹೋಯಿತು. ಭಾನುವಾರದ ಕೆಲಸದವರಿಗೂ ಬೇಡ ಎಂದು ಹೇಳಿದ, ನನ್ನ ಮುಖ ನೋಡದೆ. ನಾನು ಹೊರಡುವಾಗ ಕೊಟ್ಟಿಗೆಯಿಂದ ಇಬ್ಬರು ಹೆಂಗಸರ ಮಾತು ಕೇಳುತ್ತಿತ್ತು. ಏನು ಮಾತು ಎಂದು ತಿಳಿಯಲಿಲ್ಲ, ತಿಳಿಯುವುದು ನನ್ನ ಕೆಲಸವೂ ಆಗಿರಲಿಲ್ಲ.

ಹೊತ್ತು ಮುಳುಗುವ ಸಮಯಕ್ಕೆ ತೊಪ್ಪೂರಿನ ಇಳಿಜಾರು. ಮುಂದೆ ಒಂದು ಲಾರಿ, ತುಂಬಿದ ಲೋಡು, ಬ್ರೇಕಿನ ವಾಸನೆ. ಡ್ರೈವರ್ ಕಿಟಕಿಯಿಂದ ಕೈ ಚಾಚಿ ಸ್ವಲ್ಪ ಹೊತ್ತು ತಡೆದು ಹಿಡಿದ, ತಿರುವು ಕಳೆದು ರಸ್ತೆ ಖಾಲಿಯಾದ ಮೇಲೆ ಹೋಗು ಎಂದು ಬೀಸಿದ. ಅವನ ಮುಖ ಕಾಣಲಿಲ್ಲ. ನಾನು ಹಾರ್ನನ್ನು ಒಂದು ಸಲ ಸಣ್ಣಗೆ ಒತ್ತಿ ಮುಂದೆ ಹೋದೆ. ಅವನು ಅದಕ್ಕಾಗಿ ಕಾದಿರಲಿಲ್ಲ.

ಮನೆಯಲ್ಲಿ ಊಟಕ್ಕೆ ಕೂತೆವು. ಸುಧಾ ಮೊದಲು ತನ್ನದನ್ನು ಹೇಳಿದಳು, ಅಮ್ಮನ ಹಳೆಯ ಸೀರೆಯೊಂದನ್ನು ಉಟ್ಟು ಬ್ಯಾಂಕಿಗೆ ಹೋದದ್ದನ್ನು. ಅವಳ ಮುಖ ನೋಡಿದೆ. ಅದು ಯಾರಿಗೂ ಒಪ್ಪಿಸುತ್ತಿದ್ದ ಮಾತಲ್ಲ, ಅಮ್ಮನನ್ನು ಸ್ವಲ್ಪ ಹೊತ್ತು ಹತ್ತಿರ ಕೂರಿಸಿಕೊಳ್ಳುತ್ತಿದ್ದಳು. ಇಷ್ಟು ದಿನ ಅದನ್ನು ನಾನು ಕೇಳಿಸಿಕೊಂಡೇ ಇರಲಿಲ್ಲ. ಆಮೇಲೆ ನಿಲಾಳ ಸರದಿ. ಅವಳು ತಟ್ಟೆ ನೋಡುತ್ತ, “ಇನ್ನಿಕ್ಕಿ ಒಣ್ಣುಮಿಲ್ಲೆಮ್ಮಾ” ಅಂದಳು, ಇವತ್ತು ಏನೂ ಇಲ್ಲವಂತೆ. ಶಾಲೆಯಲ್ಲಿ ಏನೋ ಆಗಿತ್ತು, ಮುಖ ಬಾಡಿತ್ತು. ಏನಾದರೂ ಒಂದು ಇರುತ್ತದೆ, ಯೋಚಿಸು, ಎಂದಳು ಸುಧಾ, ಮೆತ್ತಗೆ. ನಿಲಾ ಹುಡುಕತೊಡಗಿದಳು. ಎದುರಿಗಿರುವವರಿಗೆ ಬೇಕಾದ ಮಾತನ್ನು ಹುಡುಕುವಾಗ ಹೆಣ್ಣುಮಕ್ಕಳ ಮುಖ ಹೇಗಾಗುತ್ತದೆ ಎಂದು ನಾನು ಆ ಜಗಲಿಯಲ್ಲಿ ನೋಡಿದ್ದೇನೆ. ಆ ನೆನಪಿನ ಬಗ್ಗೆ ನನಗೆ ಅನುಮಾನವಿಲ್ಲ.

“ಬಿಡು ಸುಧಾ,” ಅಂದೆ. “ಇಲ್ಲ ಅಂದ್ರೆ ಇಲ್ಲ. ಸುಮ್ನೆ ಉಂಡು ಏಳ್ಲಿ.”

ಸುಧಾ ನನ್ನ ಕುಹಕಕ್ಕಾಗಿ ಕಾದಳು. ಅದು ಬರಲಿಲ್ಲ. ಅವಳು ಮಗಳ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ನಿಲಾ ಉಂಡಳು, ಎದ್ದಳು, ತಟ್ಟೆ ತೆಗೆದುಕೊಂಡು ಹೋಗಿ ನಲ್ಲಿ ತಿರುಗಿಸಿದಳು. ಅಲ್ಲಿಂದ, ಬೆನ್ನು ನಮ್ಮ ಕಡೆ ಇಟ್ಟುಕೊಂಡೇ, ತಮಿಳು ಬಿಟ್ಟು ಬೇರೆ ಆಡದ ನನ್ನ ಮಗಳು ಕನ್ನಡದಲ್ಲಿ ಅಂದಳು, “ಅಮ್ಮ, ಸಾರು ಚೆನ್ನಾಗಿತ್ತು.”

ನೀರಿನ ಸದ್ದಿನಲ್ಲಿ ಸುಧಾಗೆ ಸರಿಯಾಗಿ ಕೇಳಿಸಲಿಲ್ಲ. ತಲೆ ಎತ್ತಿ ಏನು ಅಂದೆ ಎಂಬಂತೆ ನೋಡಿದಳು. ನಿಲಾ ಆಗಲೇ ಕೈ ಒರೆಸಿಕೊಂಡು ತನ್ನ ಕೋಣೆಗೆ ಹೋಗಿದ್ದಳು. ಇನ್ನೊಂದು ಸಲ ಹೇಳು ಎಂದು ನಾವಿಬ್ಬರೂ ಅವಳನ್ನು ಕರೆಯಲಿಲ್ಲ.